ನಿಯೋವಿಮ್‌ಗೆ ರಸ್ಟ್‌ನಲ್ಲಿ ಪ್ಲಗಿನ್ ಬರೆಯುವ ಬಗೆ

ಎಡಿಟರ್‌ಗೆ ಪ್ಲಗಿನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ, ಬರೆಯಬೇಕಾದಾಗ ಬಹುತೇಕ ಸಂದರ್ಭಗಳಲ್ಲಿ ಆ ಎಡಿಟರ್‌ನೊಳಗೇ ಇರುವ ಸ್ಕ್ರಿಪ್ಟ್ ಭಾಷೆ ಸಾಕಾಗುತ್ತದೆ. ಕೀಲಿಗಳನ್ನು ಹೊಂದಿಸುವುದು, ವಿಂಡೋ ತೆರೆಯುವುದು, ಬೇರೊಂದು ಕಮಾಂಡ್ ಓಡಿಸಿ ಅದರ ಫಲಿತಾಂಶವನ್ನು ತೋರಿಸುವುದು ಮುಂತಾದ ಕೆಲಸಗಳಿಗೆ ನಿಯೋವಿಮ್ ಎಂಬ ಪಠ್ಯ ಎಡಿಟರ್‌ನಲ್ಲಿ ಲುವಾ ಎಂಬ ಸ್ಕ್ರಿಪ್ಟ್ ಭಾಷೆ ಇದೆ. ಅಲ್ಲಿ ಕಂಪೈಲ್ ಆಗುವ, ಅಂದರೆ ಮೊದಲೇ ಯಂತ್ರದ ಸೂಚನೆಗಳಾಗಿ ಬದಲಾಗುವ, ರಸ್ಟ್ ಭಾಷೆಯನ್ನು ತಂದರೆ ಶ್ರಮ ಹೆಚ್ಚುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಒಂದೊಂದು ಕೀಲಿ ಒತ್ತಿದಾಗಲೂ ಸಾವಿರಾರು ಹೆಸರುಗಳ ನಡುವೆ ಹೊಂದಾಣಿಕೆ ಹುಡುಕಬೇಕಾದಾಗ, ಇಡೀ ಕಡತವನ್ನು ಮತ್ತೆ ಮತ್ತೆ ವಿಶ್ಲೇಷಿಸಬೇಕಾದಾಗ, ಅಥವಾ ನಮಗೆ ಬೇಕಾದ ಲೈಬ್ರರಿ ಈಗಾಗಲೇ ರಸ್ಟ್‌ನಲ್ಲಿ ಚೆನ್ನಾಗಿ ರೂಪುಗೊಂಡಿರುವಾಗ ಮಾತ್ರ ಕಂಪೈಲ್ ಆಗುವ ಭಾಷೆಯತ್ತ ಹೊರಳುವುದರಲ್ಲಿ ಅರ್ಥವಿದೆ. ನಿಯೋವಿಮ್‌ನ ಬ್ಲಿಂಕ್ ಸಿಎಂಪಿ ಎಂಬ ಪ್ಲಗಿನ್ ಇದಕ್ಕೆ ಒಳ್ಳೆಯ ಮಾದರಿ: ಪದಗಳನ್ನು ಪೂರ್ಣಗೊಳಿಸುವ ಆ ಪ್ಲಗಿನ್‌ನ ಬಹುಭಾಗ ಲುವಾದಲ್ಲಿದ್ದು, ಹೊಂದಾಣಿಕೆ ಹುಡುಕುವ ಭಾಗವಷ್ಟೇ ರಸ್ಟ್‌ನಲ್ಲಿದೆ, ಮತ್ತು ರಸ್ಟ್ ಲೈಬ್ರರಿ ಸಿಗದ ಯಂತ್ರದಲ್ಲಿ ಅದೇ ಕೆಲಸ ಮಾಡಬಲ್ಲ ಲುವಾ ಕೋಡ್ ಕೂಡ ಅದರೊಂದಿಗೇ ಬರುತ್ತದೆ.

ಇಂತಹ ಪ್ಲಗಿನ್ ಬರೆಯುವಾಗ ಹೆಚ್ಚಿನ ಆಲೋಚನೆ ಬೇಕಾಗುವುದು ಎಡಿಟರ್‌ಗೂ ನಮ್ಮ ಕೋಡ್‌ಗೂ ನಡುವಿನ ಗಡಿಯ ಬಗ್ಗೆ. ಆ ಗಡಿಯನ್ನು ಯಾವ ದತ್ತಾಂಶ ದಾಟುತ್ತದೆ, ಎಷ್ಟು ಬಾರಿ ದಾಟುತ್ತದೆ, ದೋಷ ಉಂಟಾದರೆ ಅದು ಎಲ್ಲಿ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಂಡರೆ ಉಳಿದ ಕೆಲಸ ಸಾಮಾನ್ಯ ರಸ್ಟ್ ಪ್ರೋಗ್ರಾಮಿಂಗ್ ಆಗಿರುತ್ತದೆ.

ಉದಾಹರಣೆಗೆ ಒಂದು ಚಿಕ್ಕ ಪ್ಲಗಿನ್ ಇಟ್ಟುಕೊಳ್ಳೋಣ. ಬರೆಯುವ ಭರದಲ್ಲಿ ಒಂದೇ ಪದ ಎರಡು ಸಲ ಬಿದ್ದಿದ್ದರೆ ಎರಡನೆಯದರ ಕೆಳಗೆ ಗೆರೆ ಎಳೆದು ತೋರಿಸುವುದಷ್ಟೇ ಅದರ ಕೆಲಸ. ಗಮನ ಸೆಳೆಯುವುದಕ್ಕಷ್ಟೇ ಅದು ಸೀಮಿತವಾಗಿರಬೇಕು, ತಾನಾಗಿ ಅಳಿಸಬಾರದು. ಏಕೆಂದರೆ ಕನ್ನಡದಲ್ಲಿ ‘ಬೇಗ ಬೇಗ’, ‘ದೂರ ದೂರ’ ಎಂಬ ದ್ವಿರುಕ್ತಿಗಳು ಸಹಜ ಪ್ರಯೋಗಗಳು, ಅವನ್ನು ಯಂತ್ರ ತಿದ್ದಹೊರಡುವುದು ತಪ್ಪು.

ಯಾವ ದಾರಿ

ಕಂಪೈಲ್ ಆದ ಕೋಡ್ ಎಡಿಟರ್ ಜೊತೆ ಮಾತಾಡಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ನಮ್ಮ ಪ್ರೋಗ್ರಾಂ ಬೇರೆಯದೇ ಪ್ರೊಸೆಸ್ ಆಗಿ ಓಡುತ್ತ ಸಂದೇಶಗಳ ಮೂಲಕ ಎಡಿಟರ್ ಜೊತೆ ವ್ಯವಹರಿಸುವುದು. ನಿಯೋವಿಮ್‌ನಲ್ಲಿ ಜಾಬ್‌ಸ್ಟಾರ್ಟ್ ಫಂಕ್ಷನ್‌ಗೆ ಆರ್‌ಪಿಸಿ (ಬೇರೊಂದು ಪ್ರೊಸೆಸ್‌ನ ಫಂಕ್ಷನ್ ಕರೆಯುವ ವಿಧಾನ) ಎಂಬ ಆಯ್ಕೆ ಕೊಟ್ಟು ಪ್ರೊಸೆಸ್ ಶುರು ಮಾಡಿದರೆ, ಅದರ ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ಮೇಲೆ ಮೆಸೇಜ್‌ಪ್ಯಾಕ್ ಎಂಬ ಬೈನರಿ ರೂಪದ ಸಂದೇಶಗಳು ಓಡಾಡುತ್ತವೆ. ಎಷ್ಟೋ ಎಡಿಟರ್‌ಗಳಲ್ಲಿ ಒಂದೇ ಪ್ರೋಗ್ರಾಂ ಕೆಲಸ ಮಾಡಬೇಕೆಂದಿದ್ದರೆ 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ (ಎಡಿಟರ್‌ಗೂ ಕೋಡ್ ವಿಶ್ಲೇಷಿಸುವ ಸರ್ವರ್‌ಗೂ ನಡುವಿನ ಸಂದೇಶಗಳ ನಿಯಮ) ಇದೇ ಬಗೆಯದು. ರಸ್ಟ್ ಕೋಡ್ ವಿಶ್ಲೇಷಿಸುವ ರಸ್ಟ್ ಅನಲೈಸರ್ ಕೂಡ ಇದನ್ನೇ ಬಳಸುತ್ತದೆ. ಈ ದಾರಿಯ ದೊಡ್ಡ ಲಾಭವೆಂದರೆ ನಮ್ಮ ಪ್ರೋಗ್ರಾಂ ಕುಸಿದರೂ ಎಡಿಟರ್ ಉಳಿಯುತ್ತದೆ, ಬಳಕೆದಾರರ ಉಳಿಸದ ಬರಹವೂ ಉಳಿಯುತ್ತದೆ.

ಎರಡನೆಯದು, ನಮ್ಮ ಕೋಡ್ ಅನ್ನು ಡೈನಾಮಿಕ್ ಲೈಬ್ರರಿಯಾಗಿ ಕಟ್ಟಿ ಎಡಿಟರ್‌ನ ಪ್ರೊಸೆಸ್‌ನೊಳಗೇ ಲೋಡ್ ಮಾಡುವುದು. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್‌ನಲ್ಲಿ 2016ರ 25ನೇ ಆವೃತ್ತಿಯಿಂದ ಇದಕ್ಕೆ ಅವಕಾಶವಿದೆ. ಅಲ್ಲಿ ಲೈಬ್ರರಿಯು ತಾನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಗೆ ಹೊಂದಿಕೊಳ್ಳುತ್ತೇನೆಂದು ಸಾರುವ ಒಂದು ಗುರುತನ್ನು ಹೊರಗೆ ಕಾಣಿಸದಿದ್ದರೆ ಈಮ್ಯಾಕ್ಸ್ ಅದನ್ನು ಲೋಡ್ ಮಾಡಲು ನಿರಾಕರಿಸುತ್ತದೆ. ಮೂರನೆಯದು ವೆಬ್‌ಅಸೆಂಬ್ಲಿ, ಅಂದರೆ ಪ್ರತ್ಯೇಕ ಆವರಣದೊಳಗೆ ಓಡುವ ಬೈನರಿ ರೂಪ. ಝೆಡ್ ಎಡಿಟರ್‌ನ ವಿಸ್ತರಣೆಗಳನ್ನು ರಸ್ಟ್‌ನಲ್ಲಿ ಬರೆದು ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಲಾಗುತ್ತದೆ. ಅವು ಎಡಿಟರ್‌ನ ಮೆಮೊರಿಯನ್ನು ನೇರವಾಗಿ ಮುಟ್ಟಲಾರವು, ಎಡಿಟರ್ ಕೊಟ್ಟಷ್ಟೇ ಅವಕಾಶದೊಳಗೆ ಇರುತ್ತವೆ.

ಕೆಲಸಕ್ಕೆ ಹತ್ತು ಮಿಲಿಸೆಕೆಂಡು ಹೆಚ್ಚು ಹಿಡಿದರೂ ಪರವಾಗಿಲ್ಲ ಎನ್ನುವಂತಿದ್ದರೆ ಮೊದಲನೆಯ ದಾರಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೀಲಿ ಒತ್ತಿದ ಕ್ಷಣದಲ್ಲೇ ಉತ್ತರ ಬೇಕಾದಾಗ ಎರಡನೆಯದು ಬೇಕಾಗುತ್ತದೆ. ಅದೇ ಕಷ್ಟದ ದಾರಿಯೂ ಆಗಿರುವುದರಿಂದ ಮುಂದಿನ ವಿವರಣೆ ಅದರ ಸುತ್ತಲೇ ಇದೆ.

ತಿರುಳನ್ನು ಬೇರೆಯಾಗಿಡಿ

ರಸ್ಟ್ ಕೋಡ್ ಕಟ್ಟುವ ಸಾಧನವಾದ ಕಾರ್ಗೋದಲ್ಲಿ ಒಂದು ವರ್ಕ್‌ಸ್ಪೇಸ್ ಮಾಡಿಕೊಂಡು ಅದರಲ್ಲಿ ಎರಡು ಕ್ರೇಟ್‌ಗಳನ್ನು, ಅಂದರೆ ರಸ್ಟ್ ಕೋಡ್‌ನ ಘಟಕಗಳನ್ನು, ಇಡಬೇಕು. ಒಂದು ತಿರುಳು: ಅದಕ್ಕೆ ನಿಯೋವಿಮ್ ಎಂಬುದೊಂದು ಇದೆ ಎಂದೇ ತಿಳಿದಿರಬಾರದು. ಅದು ಒಂದು ಸ್ಟ್ರಿಂಗ್ ತೆಗೆದುಕೊಂಡು, ಪುನರಾವರ್ತನೆಯಾದ ಪದಗಳ ಸ್ಥಾನಗಳನ್ನು ಪಟ್ಟಿಯಾಗಿ ಹಿಂದಿರುಗಿಸುತ್ತದೆ, ಅಷ್ಟೇ. ಇನ್ನೊಂದು ಅದರ ಮೇಲಿನ ತೆಳು ಹೊದಿಕೆ: ಲುವಾದಿಂದ ಬಂದ ಮೌಲ್ಯಗಳನ್ನು ರಸ್ಟ್ ಮೌಲ್ಯಗಳಾಗಿ ಬದಲಿಸಿ ತಿರುಳಿಗೆ ಕೊಡುವುದು, ಬಂದ ಉತ್ತರವನ್ನು ಮರಳಿ ಲುವಾ ಟೇಬಲ್ ಆಗಿಸುವುದು. ಹೀಗೆ ಬೇರ್ಪಡಿಸಿದರೆ ತಿರುಳಿನ ಪರೀಕ್ಷೆಗಳೆಲ್ಲ ಕಾರ್ಗೋ ಟೆಸ್ಟ್ ಕಮಾಂಡ್‌ನಿಂದ ಎಡಿಟರ್ ತೆರೆಯದೆಯೇ ನಡೆಯುತ್ತವೆ, ಮತ್ತು ನಾಳೆ ಇದನ್ನೇ ಲ್ಯಾಂಗ್ವೇಜ್ ಸರ್ವರ್ ಆಗಿಸಬೇಕೆಂದರೆ ಹೊದಿಕೆಯೊಂದನ್ನು ಬದಲಿಸಿದರೆ ಸಾಕಾಗುತ್ತದೆ.

ತಿರುಳಿನಲ್ಲಿ ಮೊದಲು ಎದುರಾಗುವ ಪ್ರಶ್ನೆ, ಪದ ಎಂದರೆ ಯಾವುದು ಎಂಬುದು. ಅಕ್ಷರ ಅಥವಾ ಅಂಕಿ ಅಲ್ಲದ ಕಡೆ ಕತ್ತರಿಸಿದರಾಯಿತು ಎಂದುಕೊಂಡು ರಸ್ಟ್‌ನ ಈಸ್ ಆಲ್ಫಾನ್ಯೂಮರಿಕ್ ಫಂಕ್ಷನ್ ಬಳಸಿದರೆ ಇಂಗ್ಲಿಷ್ ಪಠ್ಯದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಕನ್ನಡದ ಹಲಂತ ಚಿಹ್ನೆ, ಅಂದರೆ ಒತ್ತಕ್ಷರಗಳ ಹಿಂದೆ ಅಡಗಿರುವ ಅರ್ಧಾಕ್ಷರದ ಗುರುತು, ಯೂನಿಕೋಡ್‌ನ ಲೆಕ್ಕದಲ್ಲಿ ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ಹಾಗಾಗಿ ‘ಅಕ್ಕ’ ಎಂಬ ಪದ ‘ಅಕ’ ಮತ್ತು ‘ಕ’ ಎಂದು ಎರಡು ತುಂಡಾಗುತ್ತದೆ, ಪ್ಲಗಿನ್ ಪ್ರತಿ ಸಾಲಿನಲ್ಲೂ ಇಲ್ಲದ ಪದಗಳನ್ನು ಕಾಣುತ್ತದೆ. ಇದಕ್ಕೆ ಯೂನಿಕೋಡ್ ಸೆಗ್ಮೆಂಟೇಶನ್ ಎಂಬ ಕ್ರೇಟ್ ಬಳಸುವುದು ಸರಿಯಾದ ಉಪಾಯ. ಪದಗಳ ಗಡಿಯನ್ನು ನಿರ್ಧರಿಸುವ ಯೂನಿಕೋಡ್ ನಿಯಮಗಳನ್ನು ಅದು ಪಾಲಿಸುವುದರಿಂದ ಹಲಂತ ಚಿಹ್ನೆಯ ಬಳಿ ಪದ ಒಡೆಯುವುದಿಲ್ಲ. ಜೊತೆಗೆ ಪ್ರತಿ ಪದವನ್ನೂ ಅದು ಶುರುವಾಗುವ ಬೈಟ್ ಸ್ಥಾನದೊಂದಿಗೇ ಕೊಡುತ್ತದೆ. ಇನ್ನು ಎರಡು ಎಚ್ಚರಿಕೆಗಳು ಬೇಕು: ಎರಡು ಪದಗಳ ನಡುವೆ ಬಿಳಿಜಾಗವಷ್ಟೇ ಇದ್ದರೆ ಮಾತ್ರ ಪುನರಾವರ್ತನೆ ಎಂದೆಣಿಸಬೇಕು, ಪೂರ್ಣವಿರಾಮ ಬಂದು ಹೊಸ ವಾಕ್ಯ ಅದೇ ಪದದಿಂದ ಶುರುವಾಗಿದ್ದರೆ ಬಿಟ್ಟುಬಿಡಬೇಕು, ಹಾಗೆಯೇ ಒಂದು ಸಾಲಿನ ಕೊನೆಯ ಪದವನ್ನು ಮುಂದಿನ ಸಾಲಿನ ಮೊದಲ ಪದದೊಂದಿಗೆ ಹೋಲಿಸುವುದನ್ನು ಮರೆಯಬಾರದು, ಏಕೆಂದರೆ ಕಣ್ಣಿಗೆ ತಪ್ಪಿಹೋಗುವ ಪುನರಾವರ್ತನೆಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ಸ್ಥಾನದ ಲೆಕ್ಕ

ಇಂತಹ ಪ್ಲಗಿನ್‌ಗಳಲ್ಲಿ ಅತಿ ಹೆಚ್ಚು ದೋಷಗಳು ಹುಟ್ಟುವ ಜಾಗ ಇದು. ‘ಅದು ಅದು’ ಎಂಬ ಸಾಲನ್ನು ತೆಗೆದುಕೊಳ್ಳಿ. ಕಣ್ಣಿಗೆ ‘ಅದು’ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತಗಳು: ಅ, ದ ಮತ್ತು ಉಕಾರದ ಚಿಹ್ನೆ. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಇಡೀ ಪದಕ್ಕೆ 9 ಬೈಟ್. ನಡುವಿನ ಬಿಳಿಜಾಗ 1 ಬೈಟ್. ಆದ್ದರಿಂದ ಸೊನ್ನೆಯಿಂದ ಎಣಿಸಿದರೆ ಎರಡನೆಯ ‘ಅದು’ 10ನೇ ಬೈಟ್‌ನಲ್ಲಿ ಶುರುವಾಗಿ 19ರ ಹಿಂದೆ ಮುಗಿಯುತ್ತದೆ. ಸಂಕೇತಗಳ ಲೆಕ್ಕದಲ್ಲಿ ಅದೇ ಪದ 4ರಲ್ಲಿ ಶುರುವಾಗಿ 7ರ ಹಿಂದೆ ಮುಗಿಯುತ್ತದೆ.

ನಿಯೋವಿಮ್‌ನ ಎಪಿಐ, ಅಂದರೆ ಪ್ಲಗಿನ್‌ಗಳು ಕರೆಯಬಲ್ಲ ಫಂಕ್ಷನ್‌ಗಳ ಸಮೂಹ, ಸಾಲಿನೊಳಗಿನ ಸ್ಥಾನವನ್ನು ಬೈಟ್‌ಗಳಲ್ಲಿ ಕೇಳುತ್ತದೆ, ಹಾಗಾಗಿ ಅದಕ್ಕೆ 10 ಮತ್ತು 19 ಕೊಡಬೇಕು. ತಪ್ಪಿ 4 ಕೊಟ್ಟರೆ ಗೆರೆ ಮೊದಲ ಪದದ ‘ದ’ ಸಂಕೇತದ ಮಧ್ಯದ ಬೈಟ್‌ಗೆ ಹೋಗಿ ಕೂರುತ್ತದೆ. ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಬೇರೆಯ ಲೆಕ್ಕ ಹಿಡಿದಿದೆ. ಅಲ್ಲಿ ಸಹಜವಾಗಿ ಯುಟಿಎಫ್-16 ಎಂಬ ಇನ್ನೊಂದು ವಿಧಾನದ ಘಟಕಗಳನ್ನು ಎಣಿಸಬೇಕು, ಅಂದರೆ ಈ ಸಾಲಿಗೆ 4 ಮತ್ತು 7. ಎಮೋಜಿಯೊಂದು ನಡುವೆ ಬಂದರೆ ಯುಟಿಎಫ್-16 ಲೆಕ್ಕವೂ ಸಂಕೇತಗಳ ಲೆಕ್ಕವೂ ಬೇರೆಯಾಗುತ್ತವೆ, ಏಕೆಂದರೆ ಬಹುಪಾಲು ಎಮೋಜಿಗಳಿಗೆ ಒಂದು ಸಂಕೇತಕ್ಕೆ ಎರಡು ಘಟಕಗಳು ಬೇಕು. ಆ ಪ್ರೊಟೊಕಾಲ್‌ನ 3.17ನೇ ಆವೃತ್ತಿಯಿಂದ ಎಡಿಟರ್ ಮತ್ತು ಸರ್ವರ್ ಪರಸ್ಪರ ಒಪ್ಪಿಕೊಂಡು ಯುಟಿಎಫ್-8 ಬಳಸಬಹುದಾದರೂ ಎದುರಿನವರು ಒಪ್ಪದಿದ್ದರೆ ಯುಟಿಎಫ್-16ಕ್ಕೆ ಮರಳಲೇಬೇಕು. ನನ್ನ ಸಲಹೆ ಇಷ್ಟು: ತಿರುಳಿನೊಳಗೆ ಎಲ್ಲೆಡೆ ಬೈಟ್ ಸ್ಥಾನವನ್ನೇ ಇಟ್ಟುಕೊಳ್ಳಿ, ಪರಿವರ್ತನೆ ಬೇಕಾದರೆ ಅದನ್ನು ಹೊದಿಕೆಯಲ್ಲಿ ಮಾತ್ರ ಮಾಡಿ.

ಇನ್ನೊಂದು ಸೂಕ್ಷ್ಮವಿದೆ. ನಿಯೋವಿಮ್‌ನ ಬಫರ್‌ನಲ್ಲಿ, ಅಂದರೆ ತೆರೆದಿರುವ ಪಠ್ಯದಲ್ಲಿ, ಸರಿಯಾದ ಯುಟಿಎಫ್-8 ಅಲ್ಲದ ಬೈಟ್‌ಗಳೂ ಇರಬಹುದು, ಆದರೆ ರಸ್ಟ್‌ನ ಸ್ಟ್ರಿಂಗ್ ಸದಾ ಸರಿಯಾದ ಯುಟಿಎಫ್-8 ಆಗಿರಲೇಬೇಕು. ಹಾಳಾದ ಬೈಟ್‌ಗಳನ್ನು ಬದಲಿ ಚಿಹ್ನೆಯಿಂದ ತುಂಬಿಸಿಕೊಡುವ ಫಂಕ್ಷನ್ ಸುಲಭವಾಗಿ ಕೈಗೆ ಸಿಗುತ್ತದೆ. ಆದರೆ ಆ ಬದಲಿ ಚಿಹ್ನೆಗೆ 3 ಬೈಟ್ ಬೇಕಾಗುವುದರಿಂದ ಒಂದು ಹಾಳು ಬೈಟ್ ಇದ್ದ ಕಡೆ 3 ಬೈಟ್ ಬಂದು ಕೂತು, ಆ ಸಾಲಿನಲ್ಲಿ ಮುಂದಿನ ಸ್ಥಾನಗಳೆಲ್ಲ ಎರಡೆರಡು ಬೈಟ್ ಮುಂದಕ್ಕೆ ಸರಿಯುತ್ತವೆ. ಇದಕ್ಕಿಂತ ಅಂತಹ ಸಾಲನ್ನು ಪೂರ್ತಿಯಾಗಿ ಬಿಟ್ಟು ಮುಂದೆ ಹೋಗುವುದು ಮೇಲು. ಹಾಗೆಯೇ ಸ್ಟ್ರಿಂಗ್ ಅನ್ನು ಸಂಕೇತವೊಂದರ ನಡುವೆ ಕತ್ತರಿಸಲು ಹೋದರೆ ರಸ್ಟ್ ಪ್ಯಾನಿಕ್ ಆಗುತ್ತದೆ, ಅಂದರೆ ಮುಂದುವರಿಯಲಾಗದ ದೋಷವೆಂದು ಕೆಲಸ ನಿಲ್ಲಿಸುತ್ತದೆ. ಹೊರಗಿನಿಂದ ಬಂದ ಸ್ಥಾನಗಳಲ್ಲಿ ಕತ್ತರಿಸುವ ಮೊದಲು ಅದು ಸಂಕೇತದ ಗಡಿಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಹೊದಿಕೆಯನ್ನು ಕಟ್ಟುವುದು

ನಿಯೋವಿಮ್‌ನೊಳಗೆ ಸಾಮಾನ್ಯವಾಗಿ ಇರುವುದು ಲುವಾಜಿಟ್ ಎಂಬ ಲುವಾದ ವೇಗದ ರೂಪ, ಮತ್ತು ಅದು ಲುವಾ 5.1ರ ಬೈನರಿ ಒಡಂಬಡಿಕೆಯನ್ನು (ಕಂಪೈಲ್ ಆದ ಕೋಡ್‌ಗಳು ಒಂದನ್ನೊಂದು ಕರೆಯುವ ನಿಯಮಗಳನ್ನು) ಪಾಲಿಸುತ್ತದೆ. ಹೊದಿಕೆಯ ಕ್ರೇಟ್‌ಗೆ ಎಂಲುವಾ ಎಂಬ ಕ್ರೇಟ್ ಸೇರಿಸಿ ಅದರ ಲುವಾಜಿಟ್ ಮತ್ತು ಮಾಡ್ಯೂಲ್ ಎಂಬ ಎರಡು ಆಯ್ಕೆಗಳನ್ನು ಆರಿಸಿಕೊಳ್ಳಬೇಕು. ಮಾಡ್ಯೂಲ್ ಆಯ್ಕೆಯ ಅರ್ಥ, ಲುವಾದ ಇನ್ನೊಂದು ಪ್ರತಿಯನ್ನು ನಮ್ಮೊಳಗೆ ಸೇರಿಸಿಕೊಳ್ಳದೆ ಎಡಿಟರ್‌ನೊಳಗಿರುವುದನ್ನೇ ಬಳಸುತ್ತೇವೆ ಎಂಬುದು. ಇಲ್ಲಿ ತಪ್ಪಿ ಲುವಾ 5.4 ಆರಿಸಿದರೆ ಲೋಡ್ ಆಗುವಾಗಲೇ ದೋಷ ಬರುತ್ತದೆ, ಇಲ್ಲವೇ ಎಡಿಟರ್ ಕುಸಿಯುತ್ತದೆ. ಕಾರ್ಗೋ ಕಡತದ ಲಿಬ್ ವಿಭಾಗದಲ್ಲಿ ಕ್ರೇಟ್ ಬಗೆಯನ್ನು ಸಿಡೈಲಿಬ್ ಎಂದು ಬರೆಯಬೇಕು. ರಸ್ಟ್‌ಗೆ ತನ್ನದೇ ಆದ ಸ್ಥಿರ ಬೈನರಿ ಒಡಂಬಡಿಕೆ ಇಲ್ಲದ ಕಾರಣ ಹೊರಗಿನವರೊಡನೆ ಸಿ ಭಾಷೆಯ ಒಡಂಬಡಿಕೆಯಲ್ಲೇ ಮಾತಾಡಬೇಕಾಗುತ್ತದೆ, ಸಿಡೈಲಿಬ್ ಅದಕ್ಕೆ ತಕ್ಕ ಲೈಬ್ರರಿಯನ್ನು ಕಟ್ಟಿಕೊಡುತ್ತದೆ.

ಲುವಾದ ರಿಕ್ವೈರ್ ಫಂಕ್ಷನ್ ಲೈಬ್ರರಿಯನ್ನು ತೆರೆದ ಕೂಡಲೇ ಅದರೊಳಗೆ ಲುವಾಓಪನ್ ಎಂಬ ಪದಕ್ಕೆ ಅಂಡರ್‌ಸ್ಕೋರ್ ಮತ್ತು ಮಾಡ್ಯೂಲ್‌ನ ಹೆಸರು ಸೇರಿದ ಫಂಕ್ಷನ್ ಒಂದನ್ನು ಹುಡುಕುತ್ತದೆ. ಎಂಲುವಾದ ಲುವಾ ಮಾಡ್ಯೂಲ್ ಎಂಬ ಗುರುತನ್ನು ನಮ್ಮ ಫಂಕ್ಷನ್ ಮೇಲೆ ಹಾಕಿದರೆ ಅದನ್ನು ಅದೇ ತಯಾರಿಸುತ್ತದೆ. ಕಡತದ ಹೆಸರೂ ಇದಕ್ಕೆ ಸರಿಹೊಂದಬೇಕು: ಲಿನಕ್ಸ್‌ನಲ್ಲಿ ಕಾರ್ಗೋ ಹೆಸರಿನ ಮುಂದೆ ಲಿಬ್ ಎಂದು ಸೇರಿಸುತ್ತದೆ, ಅದನ್ನು ತೆಗೆಯಬೇಕು, ಮ್ಯಾಕ್‌ನಲ್ಲಿ ಕಡತ ಡೈಲಿಬ್ ಎಂದು ಕೊನೆಗೊಳ್ಳುತ್ತದೆ, ಅದನ್ನು ಎಸ್‌ಒ ಎಂದು ಬದಲಿಸಬೇಕು. ನಂತರ ಅದನ್ನು ಪ್ಲಗಿನ್‌ನ ಲುವಾ ಫೋಲ್ಡರ್‌ನಲ್ಲಿ ಇಟ್ಟರೆ ನಿಯೋವಿಮ್ ತನ್ನ ರನ್‌ಟೈಮ್ ಪಾತ್‌ನಲ್ಲಿ ಹುಡುಕಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಇನ್ನೊಂದು ಹೆಜ್ಜೆಯೂ ಇದೆ. ಲುವಾದ ಫಂಕ್ಷನ್‌ಗಳು ಎಡಿಟರ್‌ನೊಳಗಿವೆ, ಓಡುವಾಗ ಸಿಗುತ್ತವೆ ಎಂದು ಲಿಂಕರ್‌ಗೆ ಹೇಳಬೇಕು. ಡೈನಾಮಿಕ್ ಲುಕಪ್ ಎಂಬ ಆ ಆಯ್ಕೆಯನ್ನು ಕಾರ್ಗೋದ ಕಾನ್ಫಿಗ್ ಕಡತದಲ್ಲಿ ಬರೆಯದಿದ್ದರೆ ಲಿಂಕ್ ಮಾಡುವ ಹಂತದಲ್ಲೇ ಕೆಲಸ ನಿಲ್ಲುತ್ತದೆ.

ಗಡಿ ದಾಟುವ ಸಂಖ್ಯೆಯನ್ನು ಕಡಿಮೆ ಮಾಡುವುದು ಮುಂದಿನ ಕೆಲಸ. ಹತ್ತು ಸಾವಿರ ಸಾಲುಗಳ ಕಡತದಲ್ಲಿ ಸಾಲಿಗೊಮ್ಮೆ ರಸ್ಟ್ ಫಂಕ್ಷನ್ ಕರೆದರೆ ಹತ್ತು ಸಾವಿರ ಬಾರಿ ಮೌಲ್ಯಗಳ ಪರಿವರ್ತನೆ ನಡೆಯುತ್ತದೆ, ರಸ್ಟ್‌ನಿಂದ ಸಿಕ್ಕ ಲಾಭ ಅಲ್ಲೇ ಕರಗುತ್ತದೆ. ಲುವಾದ ಕಡೆ ಬಫರ್‌ನ ಎಲ್ಲ ಸಾಲುಗಳನ್ನೂ ಒಂದೇ ಕರೆಯಲ್ಲಿ ಪಡೆದು, ಹೊಸಸಾಲಿನ ಚಿಹ್ನೆಯಿಂದ ಜೋಡಿಸಿ, ಒಂದೇ ಸ್ಟ್ರಿಂಗ್ ಆಗಿ ರಸ್ಟ್‌ಗೆ ಕೊಡಿ. ರಸ್ಟ್‌ನಿಂದ ಮರಳುವ ಉತ್ತರವೂ ಸರಳವಾಗಿರಲಿ: ಸಾಲಿನ ಸಂಖ್ಯೆ, ಶುರು, ಕೊನೆ ಎಂಬ ಮೂರು ಮೂರು ಅಂಕಿಗಳು ಒಂದರ ಹಿಂದೆ ಒಂದಾಗಿ ಬರುವ ಒಂದೇ ಟೇಬಲ್ ಸಾಕು, ಟೇಬಲ್‌ನೊಳಗೆ ಟೇಬಲ್ ಬೇಡ. ಆ ಅಂಕಿಗಳನ್ನು ಓದಿ ಎಕ್ಸ್‌ಟ್‌ಮಾರ್ಕ್‌ಗಳನ್ನು, ಅಂದರೆ ಪಠ್ಯದ ಸ್ಥಾನಕ್ಕೆ ಅಂಟಿಕೊಳ್ಳುವ ಗುರುತುಗಳನ್ನು, ಇಡುವ ಕೆಲಸವನ್ನು ಲುವಾವೇ ಮಾಡಲಿ. ಪಠ್ಯ ಬದಲಾದಾಗ ಎಕ್ಸ್‌ಟ್‌ಮಾರ್ಕ್‌ಗಳು ತಾವಾಗಿ ಸರಿದುಕೊಳ್ಳುವುದರಿಂದ ಪ್ರತಿ ಬದಲಾವಣೆಗೂ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುವ ಅಗತ್ಯ ಬೀಳುವುದಿಲ್ಲ. ಎನ್‌ವಿಮ್ ಆಕ್ಸಿ ಎಂಬ ಕ್ರೇಟ್ ಮೂಲಕ ಎಡಿಟರ್‌ನ ಎಪಿಐಯನ್ನೇ ರಸ್ಟ್‌ನಿಂದ ನೇರವಾಗಿ ಕರೆಯಲೂ ಬರುತ್ತದೆ. ಆದರೆ ಆಗ ಎಡಿಟರ್‌ನ ಆವೃತ್ತಿಗೆ ನಮ್ಮ ಬೈನರಿ ಹೆಚ್ಚು ಬಿಗಿಯಾಗಿ ಕಟ್ಟಿಹಾಕಲ್ಪಡುತ್ತದೆ, ಆದ್ದರಿಂದ ಸಣ್ಣ ಪ್ಲಗಿನ್‌ಗೆ ನಾನು ಅದನ್ನು ಸೂಚಿಸುವುದಿಲ್ಲ.

ಥ್ರೆಡ್ ಮತ್ತು ಪ್ಯಾನಿಕ್

ನಿಯೋವಿಮ್‌ನ ಎಪಿಐಯನ್ನು ಮುಖ್ಯ ಥ್ರೆಡ್‌ನಿಂದ (ಪ್ರೊಸೆಸ್‌ನೊಳಗೆ ಸಮಾನಾಂತರವಾಗಿ ಸಾಗುವ ಎಳೆಗಳಲ್ಲಿ ಮುಖ್ಯವಾದುದರಿಂದ) ಮಾತ್ರ ಕರೆಯಬೇಕು. ಭಾರವಾದ ಲೆಕ್ಕವನ್ನು ಬೇರೆ ಥ್ರೆಡ್‌ಗೆ ವಹಿಸಬೇಕಾದರೆ ಅದಕ್ಕೆ ಪಠ್ಯದ ಸ್ವಂತ ಪ್ರತಿಯೊಂದನ್ನು ಕೊಡಿ, ಲುವಾಗೆ ಸೇರಿದ ಯಾವ ಮೌಲ್ಯವನ್ನೂ ಕೊಡಬೇಡಿ. ಎಂಲುವಾದ ಮೌಲ್ಯಗಳು ಸಹಜ ಸ್ಥಿತಿಯಲ್ಲಿ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಹೋಗಲು ಕಂಪೈಲರ್ ಬಿಡುವುದೇ ಇಲ್ಲ, ಸಿ ಭಾಷೆಯಲ್ಲಿ ಬರೆದಿದ್ದರೆ ಸಿಗದಿದ್ದ ರಕ್ಷಣೆ ಇದು. ಉತ್ತರವನ್ನು ಚಾನೆಲ್‌ನಲ್ಲಿ ಇಟ್ಟು, ಲುವಾದ ಕಡೆ ಒಂದು ಟೈಮರ್‌ನಿಂದ ಅದನ್ನು ನೋಡುತ್ತಿರುವುದು ಸರಳ ಉಪಾಯ. ಟೈಮರ್‌ನೊಳಗಿಂದ ಎಪಿಐ ಕರೆಯುವ ಭಾಗವನ್ನು ಶೆಡ್ಯೂಲ್ ಫಂಕ್ಷನ್‌ನಲ್ಲಿ ಸುತ್ತಿರಬೇಕು. ಲೆಕ್ಕ ಶುರುವಾದಾಗ ಬಫರ್ ಬದಲಾದಾಗಲೆಲ್ಲ ಹೆಚ್ಚುವ ಚೇಂಜ್ಡ್‌ಟಿಕ್ ಎಂಬ ಎಣಿಕೆಯನ್ನು ಬರೆದಿಟ್ಟುಕೊಂಡು, ಉತ್ತರ ಬಂದಾಗ ಅದು ಬದಲಾಗಿದ್ದರೆ ಆ ಉತ್ತರವನ್ನು ಎಸೆದುಬಿಡಿ. ಅಷ್ಟರಲ್ಲಿ ಬಳಕೆದಾರರು ಇನ್ನೊಂದು ಸಾಲು ಬರೆದಿರುತ್ತಾರೆ, ಹಳೆಯ ಸ್ಥಾನಗಳು ಹೊಸ ಪಠ್ಯಕ್ಕೆ ಹೊಂದುವುದಿಲ್ಲ.

ಪ್ಯಾನಿಕ್ ವಿಷಯದಲ್ಲಿ ಹೊಣೆಗಾರಿಕೆ ದೊಡ್ಡದು, ಏಕೆಂದರೆ ನಮ್ಮ ಕೋಡ್ ಎಡಿಟರ್‌ನ ಪ್ರೊಸೆಸ್‌ನೊಳಗಿದೆ. 2024ರಲ್ಲಿ ಬಂದ ರಸ್ಟ್ 1.81ರಿಂದ, ಸಿ ಒಡಂಬಡಿಕೆಯ ಫಂಕ್ಷನ್ ಒಂದರಿಂದ ಪ್ಯಾನಿಕ್ ಹೊರಬಿದ್ದರೆ ಇಡೀ ಪ್ರೊಸೆಸ್ ಅಲ್ಲೇ ನಿಲ್ಲುತ್ತದೆ. ಅಂದರೆ ಎಡಿಟರ್ ಮುಚ್ಚಿಹೋಗುತ್ತದೆ. ಎಂಲುವಾ ಮೂಲಕ ನೋಂದಾಯಿಸಿದ ಫಂಕ್ಷನ್‌ಗಳಲ್ಲಿ ಪ್ಯಾನಿಕ್ ಹಿಡಿಯಲ್ಪಟ್ಟು ಲುವಾದ ದೋಷವಾಗಿ ಬದಲಾಗುತ್ತದೆ, ಆದರೆ ಬೈನರಿ ಚಿಕ್ಕದಾಗಲೆಂದು ರಿಲೀಸ್ ಪ್ರೊಫೈಲ್‌ನಲ್ಲಿ ಪ್ಯಾನಿಕ್ ಅನ್ನು ಅಬಾರ್ಟ್ ಎಂದು ಬರೆದಿದ್ದರೆ ಆ ರಕ್ಷಣೆ ಇಲ್ಲವಾಗುತ್ತದೆ. ಬೇರೆಡೆ ಒಳ್ಳೆಯ ಸಲಹೆಯಾದ ಆ ಸಾಲನ್ನು ಪ್ಲಗಿನ್‌ನಲ್ಲಿ ಹಾಕಬಾರದು. ಅನ್‌ರ‍್ಯಾಪ್ (ದೋಷವಿದ್ದರೆ ಪ್ಯಾನಿಕ್ ಆಗುವ ಫಂಕ್ಷನ್) ಬಳಸುವ ಜಾಗಗಳಲ್ಲೆಲ್ಲ ರಿಸಲ್ಟ್ (ಫಲಿತಾಂಶವನ್ನೋ ದೋಷವನ್ನೋ ಹೊತ್ತ ಮೌಲ್ಯ) ಹಿಂದಿರುಗಿಸಿ, ದೋಷವನ್ನು ಲುವಾದ ಕಡೆಯಲ್ಲಿ ಹಿಡಿದು ಒಂದು ಸಾಲಿನ ಸೂಚನೆಯಾಗಿ ತೋರಿಸಿ. ಪ್ರಿಂಟ್‌ಲೈನ್ ಮ್ಯಾಕ್ರೋದಿಂದ ಏನನ್ನೂ ಮುದ್ರಿಸಬೇಡಿ: ಒಳಗಿರುವ ಲೈಬ್ರರಿಯಾದರೆ ಪರದೆ ಕಲಸಿಹೋಗಬಹುದು, ಬೇರೆ ಪ್ರೊಸೆಸ್ ಆದರೆ ಸಂದೇಶಗಳ ಹರಿವಿನ ನಡುವೆ ಆ ಪಠ್ಯ ಸೇರಿ ಪ್ರೊಟೊಕಾಲ್ ಮುರಿಯುತ್ತದೆ. ಲಾಗ್ ಬೇಕಾದರೆ ಕಡತಕ್ಕೆ ಬರೆಯಿರಿ.

ಬೆಳವಣಿಗೆ ಮತ್ತು ಹಂಚಿಕೆ

ಒಮ್ಮೆ ಲೋಡ್ ಆದ ಲೈಬ್ರರಿಯನ್ನು ಲುವಾದ ಪ್ಯಾಕೇಜ್ ಪಟ್ಟಿಯಿಂದ ತೆಗೆದರೂ ಅದು ಮೆಮೊರಿಯಿಂದ ಹೋಗುವುದಿಲ್ಲ. ಆದ್ದರಿಂದ ಪ್ರತಿ ಬದಲಾವಣೆಯ ನಂತರ ಎಡಿಟರ್ ಮತ್ತೆ ತೆರೆಯುವುದೇ ನೇರವಾದ ಮಾರ್ಗ. ಹೊಸ ಬೈನರಿಯನ್ನು ಹಳೆಯದರ ಮೇಲೆಯೇ ನಕಲು ಮಾಡುವುದೂ ಅಪಾಯಕಾರಿ. ಲಿನಕ್ಸ್‌ನಲ್ಲಿ ಓಡುತ್ತಿರುವ ಎಡಿಟರ್ ಆ ಕಡತದ ಪುಟಗಳನ್ನು ಮೆಮೊರಿಗೆ ಜೋಡಿಸಿಕೊಂಡಿರುತ್ತದೆ. ಒಳಗಿನ ಬೈಟ್‌ಗಳು ಕೆಳಗಿಂದಲೇ ಬದಲಾದರೆ ತೆರೆದಿರುವ ಎಡಿಟರ್ ಯಾವ ಸೂಚನೆಯೂ ಇಲ್ಲದೆ ಕುಸಿಯಬಹುದು. ಹೊಸ ಕಡತವನ್ನು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಬೇಕು; ಆಗ ಹಳೆಯ ಎಡಿಟರ್ ಹಳೆಯ ಕಡತವನ್ನೇ ಹಿಡಿದುಕೊಂಡಿರುತ್ತದೆ, ಹೊಸದಾಗಿ ತೆರೆದದ್ದು ಹೊಸದನ್ನು ಓದುತ್ತದೆ. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಡಿಎಲ್‌ಎಲ್ ಮೇಲೆ ಬರೆಯಲು ವ್ಯವಸ್ಥೆಯೇ ಬಿಡುವುದಿಲ್ಲವಾದ್ದರಿಂದ ಪ್ಲಗಿನ್ ನವೀಕರಿಸುವ ಸ್ಕ್ರಿಪ್ಟ್‌ನಲ್ಲಿ ಆ ದೋಷಕ್ಕೆ ಸ್ಪಷ್ಟ ಸೂಚನೆ ಇರಬೇಕು.

ಪೂರ್ತಿ ಪ್ಲಗಿನ್‌ನ ಪರೀಕ್ಷೆಗೆ ನಿಯೋವಿಮ್ ಅನ್ನು ಹೆಡ್‌ಲೆಸ್ ಮತ್ತು ಕ್ಲೀನ್ ಆಯ್ಕೆಗಳೊಂದಿಗೆ ಓಡಿಸಿ, ಒಂದು ಲುವಾ ಸ್ಕ್ರಿಪ್ಟ್‌ನಿಂದ ಬಫರ್ ತುಂಬಿಸಿ, ಎಕ್ಸ್‌ಟ್‌ಮಾರ್ಕ್‌ಗಳು ಸರಿಯಾದ ಬೈಟ್‌ನಲ್ಲಿವೆಯೇ ಎಂದು ನೋಡಬಹುದು. ಆ ಪರೀಕ್ಷೆಯ ಪಠ್ಯದಲ್ಲಿ ಕನ್ನಡದ ಒತ್ತಕ್ಷರಗಳು, ಎಮೋಜಿ, ಖಾಲಿ ಸಾಲು ಮತ್ತು ಒಂದು ಹಾಳು ಬೈಟ್ ಕಡ್ಡಾಯವಾಗಿ ಇರಲಿ.

ಬಳಕೆದಾರರಿಗೆ ತಲುಪಿಸಲು ಎರಡು ರೀತಿಗಳಿವೆ. ಪ್ಲಗಿನ್ ಮ್ಯಾನೇಜರ್‌ನ ಬಿಲ್ಡ್ ಸೂಚನೆಯಲ್ಲಿ ಕಾರ್ಗೋದ ರಿಲೀಸ್ ಬಿಲ್ಡ್ ಕಮಾಂಡ್ ಬರೆದಿಟ್ಟರೆ ಕೋಡ್ ಅವರ ಯಂತ್ರದಲ್ಲೇ ಕಂಪೈಲ್ ಆಗುತ್ತದೆ, ಆದರೆ ಅವರಲ್ಲಿ ರಸ್ಟ್ ಇರಬೇಕು. ಸಿದ್ಧ ಬೈನರಿ ಕೊಡುವುದಾದರೆ ಪ್ರತಿ ಆಪರೇಟಿಂಗ್ ಸಿಸ್ಟಂ ಮತ್ತು ಪ್ರತಿ ಬಗೆಯ ಪ್ರೊಸೆಸರ್‌ಗೆ ಬೇರೆ ಬೇರೆಯಾಗಿ ಕಟ್ಟಬೇಕು. ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ಹೊಸ ಆವೃತ್ತಿ ಇರುವ ಯಂತ್ರದಲ್ಲಿ ಕಟ್ಟಿದ ಬೈನರಿ ಹಳೆಯ ಜಿಲಿಬ್‌ಸಿ ಇರುವಲ್ಲಿ ಲೋಡ್ ಆಗದಿರಬಹುದು, ಆದ್ದರಿಂದ ಬೆಂಬಲಿಸಬೇಕಾದವುಗಳಲ್ಲಿ ಅತಿ ಹಳೆಯ ವ್ಯವಸ್ಥೆಯ ಮೇಲೆ ಕಟ್ಟಬೇಕು. ಅದರ ಬದಲು ಮಸ್ಲ್ ಎಂಬ ಸಿ ಲೈಬ್ರರಿ ಬಳಸುವ ವ್ಯವಸ್ಥೆಗಳಿಗೆ ಸಿಡೈಲಿಬ್ ಕಟ್ಟುವಾಗ ಸಿ ರನ್‌ಟೈಮ್ ಅನ್ನು ಸ್ಥಿರವಾಗಿ ಜೋಡಿಸುವ ಆಯ್ಕೆಯನ್ನು ತೆಗೆದುಹಾಕಬೇಕಾಗುತ್ತದೆ. ಲೈಬ್ರರಿಯೊಳಗೆ ಆವೃತ್ತಿಯ ಸಂಖ್ಯೆಯನ್ನು ಹಿಂದಿರುಗಿಸುವ ಒಂದು ಸಣ್ಣ ಫಂಕ್ಷನ್ ಇಟ್ಟು, ಲುವಾದ ಭಾಗ ಲೋಡ್ ಆದ ತಕ್ಷಣ ಅದನ್ನು ತನ್ನ ಆವೃತ್ತಿಯೊಂದಿಗೆ ಹೋಲಿಸಿ ನೋಡಲಿ. ಲುವಾ ಕಡತಗಳು ನವೀಕರಣಗೊಂಡು ಬೈನರಿ ಹಳೆಯದೇ ಉಳಿದಿರುವ ಸ್ಥಿತಿ ಬಳಕೆದಾರರಲ್ಲಿ ಆಗಾಗ ಕಂಡುಬರುತ್ತದೆ; ಆಗ ಅರ್ಥವಾಗದ ದೋಷಗಳ ಬದಲು, ಲೈಬ್ರರಿಯನ್ನು ಮತ್ತೆ ಕಟ್ಟಬೇಕು ಎಂಬ ಒಂದು ವಾಕ್ಯ ಪರದೆಯ ಮೇಲೆ ಬಂದರೆ ಅವರು ತಾವೇ ಸರಿಪಡಿಸಿಕೊಳ್ಳುತ್ತಾರೆ.